ಮದುವೆಗೆ ಯಾವ ಬಟ್ಟೆ? ಮೊದಲು ಹಾಕಿಕೊಂಡು ಕೂತು ನೋಡಿ

18 ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಮದುವೆಗೆ ಹೊರಟವರು ಮೊದಲು ಕೇಳುವುದು ಬಣ್ಣದ ಬಗ್ಗೆ. ನಾನು ಮೊದಲು ಕೇಳುವುದು, ಎಷ್ಟು ಹೊತ್ತಿಗೆ ಮದುವೆ, ಚಾವಣಿ ಕೆಳಗೋ ಬಯಲಿನಲ್ಲೋ, ನೀವು ಅಲ್ಲಿ ಎಷ್ಟು ಗಂಟೆ ಇರ್ತೀರಿ ಅಂತ.

ಕರೆಯೋಲೆಯಲ್ಲಿ ಬಟ್ಟೆಯ ಬಗ್ಗೆ ಏನಾದರೂ ಬರೆದಿದ್ದರೆ ಅದರಂತೆ ನಡೆಯಿರಿ. ಇಲ್ಲದಿದ್ದರೆ ಮನೆಯವರಲ್ಲಿ ಒಬ್ಬರನ್ನು ಕೇಳಿ. ಮದುಮಗಳು ಉಡುವ ಬಣ್ಣವನ್ನೂ ತಿಳಿದುಕೊಂಡು, ಅದೊಂದನ್ನು ಅವಳಿಗೇ ಬಿಡಿ.

ಬಿಸಿಲಿದ್ದರೆ ಹತ್ತಿ, ಲಿನನ್ ಒಳ್ಳೆಯದು. ಆದರೆ ಲಿನನ್ ಕಾರಿನಲ್ಲಿ ಕೂತಷ್ಟರಲ್ಲೇ ಸುಕ್ಕಾಗುತ್ತದೆ. ಪಾಲಿಯೆಸ್ಟರ್ ಸುಕ್ಕಾಗುವುದಿಲ್ಲ, ಸೆಕೆ ಮಾತ್ರ ತಡೆಯೋಕಾಗಲ್ಲ. ಬೆವರು ಜಾಸ್ತಿ ಇರುವವರು ಬೂದು, ತಿಳಿನೀಲಿ ಬೇಡ. ಒದ್ದೆ ಕಲೆ ಅದರಲ್ಲೇ ಹೆಚ್ಚು ಎದ್ದು ಕಾಣುತ್ತದೆ. ರೇಷ್ಮೆಯಾದರೆ ಸೆಂಟು ಮೊದಲೇ ಮೈಗೆ ಹಾಕಿ, ಆರಿದ ಮೇಲೆ ಉಡಿ.

ಇನ್ನು ಫಿಟ್ಟಿಂಗ್. ಗೆಳತಿಯ ಮದುವೆಯಲ್ಲಿ ಅವಳನ್ನು ತಬ್ಬಿಕೊಳ್ಳಲು ಕೈ ಚಾಚಿದೆ. ಬಲಗಂಕುಳ ಹೊಲಿಗೆ ಪರ್ ಅಂತ ಬಿಟ್ಟಿತು. ನಾನೇ ಹೊಲಿದದ್ದು, ಕನ್ನಡಿ ಮುಂದೆ ನಿಂತು ನೋಡಿದಾಗ ಅಚ್ಚುಕಟ್ಟಾಗಿತ್ತು. ಅವತ್ತು ಸಂಜೆಯವರೆಗೂ ತೋಳನ್ನು ಮೈಗೆ ಒತ್ತಿಕೊಂಡೇ ಇದ್ದೆ. ಒಂದು ಫೋಟೋದಲ್ಲೂ ಅವಳ ಹೆಗಲ ಮೇಲೆ ನನ್ನ ಕೈ ಇಲ್ಲ. ಆ ಬೇಜಾರು ಇನ್ನೂ ಇದೆ.

ಅದಕ್ಕೇ ಹೇಳುತ್ತೇನೆ, ಒಂದು ವಾರ ಮೊದಲೇ ಪೂರ್ತಿ ಹಾಕಿಕೊಂಡು ನೋಡಿ. ಒಳಉಡುಪು, ಚಪ್ಪಲಿ ಎಲ್ಲಾ ಅವತ್ತಿನದೇ ಇರಲಿ. ತಗ್ಗಾದ ಸ್ಟೂಲಿನ ಮೇಲೆ ಹತ್ತು ನಿಮಿಷ ಕೂರಿ. ಎರಡೂ ಕೈ ಮೇಲೆತ್ತಿ, ಬಗ್ಗಿ. ಆಮೇಲೆ ಕಂಕುಳ ಮತ್ತು ಸೊಂಟದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಬಟ್ಟೆ ಸೇರುವಲ್ಲಿ ಸಂದು ಬಿಟ್ಟು, ದಾರ ಪುಟ್ಟ ಹಲ್ಲುಗಳ ಹಾಗೆ ಕಂಡರೆ ಅಲ್ಲಿ ಎಳೆತ ಬೀಳುತ್ತಿದೆ ಎಂದರ್ಥ. ಒಳಗೆ ಬಟ್ಟೆ ಬಿಟ್ಟಿದ್ದರೆ ಅರ್ಧ ಇಂಚು ಬಿಡಿಸಬಹುದು. ಹಿಂದಿನ ದಿನ ಬಂದು ಬಿಡಿಸಿಕೊಡಿ ಅಂದರೆ ಕಷ್ಟ, ಇಸ್ತ್ರಿಯ ಹಳೇ ಗೆರೆ ಹೋಗೋಕೂ ಸಮಯ ಬೇಕಲ್ವಾ?

ತೆಳು ಬಟ್ಟೆಯಾದರೆ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಸಿ. ಕನ್ನಡಿಯಲ್ಲಿ ಕಾಣದ್ದು ಅದರಲ್ಲಿ ಕಾಣುತ್ತದೆ.

ಹುಲ್ಲಿನ ಮೇಲೆ ಚೂಪು ಹೀಲ್ಸ್ ಹೂತುಹೋಗುತ್ತದೆ, ಅಗಲ ಹಿಮ್ಮಡಿಯದು ಹಾಕಿ.

ಚೀಲದಲ್ಲಿ ಎರಡು ಪಿನ್ನು ಇರಲಿ, ಬಟ್ಟೆಯದೇ ಬಣ್ಣದ ದಾರ ಪೋಣಿಸಿದ ಒಂದು ಸೂಜಿಯೂ ಇರಲಿ. ಮನೆಯಲ್ಲೇ ಪೋಣಿಸಿಡಿ. ಅಲ್ಲಿ ಗಡಿಬಿಡಿಯಲ್ಲಿ ಸೂಜಿಯ ಕಣ್ಣು ಸಿಗುವುದಿಲ್ಲ.