ಬಲಿತ ಹೋರಿ ಹಾಯುವುದು ಬಿಟ್ಟಿದ್ದು: ನನ್ನ ಅನುಭವ

ಬಲಿತ ಹೋರಿಗೆ ಬೀಜ ಒಡೆಸಿದರೆ ಮೈ ಬರುತ್ತದೆಯೇ ಹೊರತು ಹಾಯುವ ಚಾಳಿ ಹೋಗುವುದಿಲ್ಲ. ನಮ್ಮ ಹೊಸನಗರದ ಕಡೆ ಎಲ್ಲರದ್ದೂ ಇದೇ ಮಾತು. ನನ್ನ ಮಲೆನಾಡು ಗಿಡ್ಡ (ನಮ್ಮ ಕಡೆಯ ಕುಳ್ಳ ದನದ ತಳಿ) ಹೋರಿಗೆ ಆಗ ನಾಲ್ಕು ವರ್ಷ ದಾಟಿತ್ತು. ಈಗ ನಮ್ಮ ತಂಗಿ ಮಗಳು ಅದರ ಕೊರಳ ಕೆಳಗಿನ ಗಂಗೆದೊಗಲು ತುರಿಸುತ್ತಾ ನಿಲ್ಲುತ್ತಾಳೆ. ಬೇಡ ಅಂದವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಗಿಡ್ಡ ಅಲ್ವಾ, ಎಷ್ಟು ಮಾಡೀತು ಅನ್ನಬೇಡಿ. ಕೆಲಸದವನ ತೊಡೆಗೆ ಹಾಯ್ದು ಹೊಲಿಗೆ ಬಿತ್ತು. ಆಸ್ಪತ್ರೆ, ರಜೆಯ ಕೂಲಿ ಸೇರಿ ಏಳೆಂಟು ಸಾವಿರ ಹೋಯಿತು. ಟಿಲ್ಲರ್ ಬಂದ ಮೇಲೆ ಹೋರಿ ಕೊಳ್ಳುವವರೂ ಇಲ್ಲ.

ಮೊದಲು ಎಲ್ಲರೂ ಹೇಳಿದ್ದನ್ನೇ ಮಾಡಿ ನೋಡಿದೆ. ಮೂಗುದಾರ ಬದಲಿಸಿದೆ. ಕೊರಳಿಗೆ ಮರದ ಕೊರಡು ಕಟ್ಟಿದೆ, ಅದನ್ನೇ ಬೀಸಿ ನನ್ನ ಮೊಣಕಾಲಿಗೆ ಹೊಡೆಯಿತು. ಕೋಡಿನ ತುದಿಗೆ ಹಿತ್ತಾಳೆ ಟೊಪ್ಪಿ, ಅದೇ ಗೊಣಸು, ಹಾಕಿಸಿದೆ. ಸಾವಿರದ ಮೇಲೆ ಕೊಟ್ಟಿದ್ದು, ಒಂದು ಈಗಲೂ ಹುಲ್ಲಿನ ಬೇಣದಲ್ಲಿ ಎಲ್ಲೋ ಬಿದ್ದಿದೆ. ಹಿಂಡಿ ನಿಲ್ಲಿಸಿದೆ. ಮೈ ಇಳಿಯಿತು, ಸಿಟ್ಟು ಇಳಿಯಲಿಲ್ಲ. ಸಂತೆಯಲ್ಲಿ ಒಬ್ಬ ಕೊಟ್ಟ ಪುಡಿಯಿಂದ ಸಗಣಿ ನೀರಾಯಿತು, ಅಷ್ಟೇ.

ಎಲ್ಲಕ್ಕಿಂತ ಕೆಟ್ಟ ಸಲಹೆ ಅಂದರೆ ಒಂಟಿಯಾಗಿ ಕಟ್ಟು ಅನ್ನುವುದು. ಕೊಟ್ಟಿಗೆಯ ಹಿಂದೆ ಬೇರೆ ಮಾಡು ಇಳಿಸಿ ಕಟ್ಟಿದೆ. ಶೀಟು, ಕಂಬ ಅಂತ ನಾಲ್ಕು ಸಾವಿರ. ತಿಂಗಳೊಳಗೆ ಮನುಷ್ಯರ ನೆರಳು ಕಂಡರೂ ನೆಲ ಕೆರೆಯತೊಡಗಿತು. ಆಮೇಲೆ ಓದಿದೆ, 1990ರಲ್ಲಿ ಹೆರ್‌ಫೋರ್ಡ್ ಎಂಬ ವಿದೇಶಿ ತಳಿಯ ಹೋರಿಗಳ ಮೇಲೆ ಸಂಶೋಧಕರು ಇದನ್ನೇ ನೋಡಿದ್ದರಂತೆ. ಕೈಯಲ್ಲಿ ಹಾಲು ಕುಡಿಸಿ ಒಂಟಿಯಾಗಿ ಬೆಳೆಸಿದ ಹೋರಿ, ಗುಂಪಿನಲ್ಲಿ ಬೆಳೆದದ್ದಕ್ಕಿಂತ ಜಾಸ್ತಿ ಮನುಷ್ಯರ ಮೇಲೆ ಬರುತ್ತದೆ. ಅದೂ ಇದೂ ಒಂದೇ ಪ್ರಾಯದ್ದು, ಮೈಯಲ್ಲಿ ಹಾರ್ಮೋನೂ ಅದೇ. ಹಾಗಾದರೆ ಬೆಳೆಸಿದ ರೀತಿಗೂ ಇದರಲ್ಲಿ ಪಾಲಿದೆ ಅಂತ ನನಗೆ ಹೊಳೆದದ್ದು ಇಲ್ಲೇ.

ಬೀಜ ಒಡೆಸುವ ಕೆಲಸ ಬೇಗ ಮುಗಿಯಿತು. ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬರ್ಡಿಜೋ ಇಕ್ಕಳದಲ್ಲಿ (ಕೊಯ್ಯದೆ ಬೀಜದ ನರ ಜಜ್ಜುವ ಇಕ್ಕಳ) ಒತ್ತಿದರು. ಎರಡೂ ಕಡೆ ಒಂದೇ ಗೆರೆಯಲ್ಲಿ ಒತ್ತಬಾರದು. ಜೀಪು, ಔಷಧಿ, ಹಿಡಿಯಲು ಬಂದವರ ಊಟ ಎಲ್ಲ ಸೇರಿ ಎರಡೂವರೆ ಸಾವಿರ ಇರಬೇಕು. ಹದಿನೈದು ದಿನ ಕಳೆದಿತ್ತೋ ಇಲ್ಲವೋ, ಹಾಲಿನ ಕ್ಯಾನು ಹೊತ್ತು ಬಂದ ಪಕ್ಕದ ಮನೆಯವರನ್ನು ಅಟ್ಟಿಸಿಕೊಂಡು ಹೋಯಿತು. "ಏನ್ ಭಾವ, ದುಡ್ಡೂ ಕೊಟ್ಟು ಓಡೋದೂ ನಾವೇನಾ?" ಅಂದರು. ಊರೆಲ್ಲ ನಕ್ಕಿತು.

ಎಲ್ಲರೂ ಕೈಬಿಡುವುದು ಇಲ್ಲೇ. ಬೀಜದ ನರ, ರಕ್ತನಾಳ ಜಜ್ಜಿದ ಮೇಲೆ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನ್ ಬೇಗನೆ ಇಳಿಯುತ್ತದೆ. ಕಲಿತದ್ದು ಹಾಗೆ ಇಳಿಯುವುದಿಲ್ಲ. ತಲೆ ತಗ್ಗಿಸಿದರೆ ಎದುರಿನವನು ಓಡುತ್ತಾನೆ ಅಂತ ಅದು ನಾಲ್ಕು ವರ್ಷ ಕಲಿತಿದೆ. ಹಾರ್ಮೋನ್ ಇಳಿದ ಮೇಲಿನ ತಿಂಗಳುಗಳಲ್ಲಿ ಆ ಪಾಠ ಮರೆಸಬೇಕು. ಇದಿಷ್ಟೇ ನನ್ನ ವಿದ್ಯೆ.

ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಎದೆಮಟ್ಟದ ಗಟ್ಟಿ ಬೇಲಿ ಹಾಕಿಸಿದೆ. ಹೋರಿಯನ್ನು ತಿದ್ದುವುದರಲ್ಲಿ ಹೆಚ್ಚು ಖರ್ಚಾಗಿದ್ದು ಇದಕ್ಕೇ, ಆರು ಸಾವಿರದ ಹತ್ತಿರ. ಹುಲ್ಲು, ನೀರು ಎಲ್ಲ ಬೇಲಿಯ ಈಚೆಯಿಂದ. ಅದು ಮೈ ಅಡ್ಡ ಮಾಡಿ, ಬೆನ್ನು ಬಾಗಿಸಿ, ತಲೆ ತಗ್ಗಿಸಿದರೆ ಯಾರೂ ಓಡಬಾರದು, ಬೈಯಬಾರದು, ಹೊಡೆಯಬಾರದು. ಸುಮ್ನೆ ನಿಲ್ಲಬೇಕು. ತಲೆ ಎತ್ತಿದ ಮೇಲೆ ಮಾತ್ರ ಹುಲ್ಲು. ಬೇಲಿಯೊಳಗೆ ಮೂರು ಹಳೇ ದನ ಬಿಟ್ಟೆ. ನಮ್ಮ ಮುದಿ ಕಪಿಲೆ ಮೊದಲ ವಾರವೇ ಅದನ್ನು ಮೂಲೆಗೆ ತಳ್ಳಿತು. ಹಿಂದಿನ ಸೊಕ್ಕಿದ್ದರೆ ತಿರುಗಿ ಬೀಳುತ್ತಿತ್ತು, ಈಗ ದಾರಿ ಬಿಟ್ಟಿತು. ನನಗಿಂತ ಚೆನ್ನಾಗಿ ಕಲಿಸಿದ್ದು ಆ ದನವೇ. ಯಾವ ದನವನ್ನು ಮೊದಲು ಬಿಡಬೇಕು, ಸಂಜೆ ಬಕೆಟ್ಟಿಗೆ ಏನು ಹಾಕಬೇಕು ಅನ್ನುವುದನ್ನು ಮನೆಗೆ ಬಂದವರಿಗೆ ಮಾತ್ರ ಹೇಳುತ್ತೇನೆ. ನಾಲ್ಕನೇ ತಿಂಗಳ ಹೊತ್ತಿಗೆ ನೆಲ ಕೆರೆಯುವುದು ನಿಂತಿತ್ತು. ಆರು ತಿಂಗಳಿಗೆ ನಾನು ಒಳಗೆ ಹೋದೆ, ಕೈಯಲ್ಲಿ ಕೋಲಿತ್ತು ಅನ್ನಿ.

ಈ ಮಧ್ಯೆ ಕೋಳಿ ಮೇಲೂ ಕಣ್ಣು ಹೋಯಿತು. 1849ರಲ್ಲಿ ಜರ್ಮನಿಯ ಬರ್ಟೋಲ್ಡ್ ಎಂಬ ವಿಜ್ಞಾನಿ ಹುಂಜದ ಮರಿಗಳ ಬೀಜ ತೆಗೆದಾಗ ಅವು ಕೂಗಲೂ ಇಲ್ಲ, ಜಗಳಕ್ಕೂ ಬೀಳಲಿಲ್ಲ. ಬೀಜವನ್ನು ಹೊಟ್ಟೆಯೊಳಗೆ ಮತ್ತೆ ಇಟ್ಟವು ಮಾತ್ರ ಎಂದಿನಂತೆ ಕೂಗಿ ಕಾದಾಡಿದವು. ನಾನು ಕೊಯ್ಯಲು ಹೋಗಲಿಲ್ಲ. ಕಾದಾಡುವ ಎರಡು ಹುಂಜಗಳ ನಡುವೆ ಗೋಣಿ ಪರದೆ ಕಟ್ಟಿದೆ. ಒಂದನ್ನೊಂದು ನೋಡುವುದು ತಪ್ಪಿತು, ಕಾದಾಟ ನಿಂತಿತು. ಕೂಗುವುದರಲ್ಲಿ ಪೈಪೋಟಿ ಜಾಸ್ತಿಯಾಗಿ ಮನೆಯವಳು ಪರದೆ ಕಿತ್ತಳು.

ಗಂಡು ಹಾರ್ಮೋನ್ ಒಂದೇ ಅಂತಲೂ ಅಲ್ಲ. ಕರು ಹಾಕಿದ ದನ, ಮರಿ ಇರುವ ಹೇಂಟೆ ಹತ್ತಿರ ಹೋಗಿ ನೋಡಿ. ಅಲ್ಲಿ ಕೆಲಸ ಮಾಡುವ ಹಾರ್ಮೋನುಗಳೇ ಬೇರೆ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಮದ ಬಂದ ಗಂಡಾನೆಯನ್ನು ದೂರ ಕಟ್ಟುವುದನ್ನು ನೋಡಿದ್ದೀರಲ್ಲ. ಮದದಲ್ಲಿ ಟೆಸ್ಟೋಸ್ಟಿರೋನ್ ಹತ್ತಾರು ಪಟ್ಟು ಏರುತ್ತದೆ. ಆನೆ ಸೊರಗಿದರೆ ಮದವೂ ಬೇಗ ಇಳಿಯುತ್ತದೆ. ಅದನ್ನು ಕೇಳಿಯೇ ನಾನು ಹಿಂಡಿ ನಿಲ್ಲಿಸಿದ್ದು, ದನಕ್ಕೆ ಆ ಲೆಕ್ಕ ಹತ್ತಲಿಲ್ಲ.

"ನಮ್ಮ ಅಳಿಯನಿಗೂ ಒಂದು ಇಕ್ಕಳ ನೋಡಿ" ಅಂದರು ಒಬ್ಬರು ಮದುವೆ ಮನೆಯಲ್ಲಿ. ಮನುಷ್ಯರಲ್ಲಿ ಟೆಸ್ಟೋಸ್ಟಿರೋನಿಗೂ ಜಗಳಗಂಟತನಕ್ಕೂ ಇರುವ ನಂಟು ತೀರಾ ಸಡಿಲ. ಗೆದ್ದವನಲ್ಲಿ ಅದು ಏರುವುದುಂಟು. ಅಪ್ಪನಾದವನಲ್ಲಿ ಇಳಿಯುತ್ತದೆ ಅಂತ 2011ರಲ್ಲಿ ಫಿಲಿಪ್ಪೀನ್ಸ್‌ನಿಂದ ವರದಿ ಬಂದಿತ್ತು. ಮೊಮ್ಮಗು ಆಗಲಿ ತಡೀರಿ ಅಂದೆ.

ಗಂಡುಕರು ಇಟ್ಟುಕೊಂಡವರು ವರ್ಷದೊಳಗೇ ಒಡೆಸಿ, ಇಷ್ಟೆಲ್ಲ ಬೇಕಾಗುವುದಿಲ್ಲ. ಆದರೆ ಊರಿಗೊಂದು ಒಳ್ಳೆ ಗಿಡ್ಡ ಹೋರಿ ಬಿಡಿ, ಇಲ್ಲದಿದ್ದರೆ ತಳಿಯೇ ಇರುವುದಿಲ್ಲ. ರಿಪ್ಪನ್‌ಪೇಟೆ ಕಡೆಯ ಒಬ್ಬರು ಐದು ವರ್ಷದ ಹೋರಿಗೆ ಇದನ್ನೇ ಮಾಡುತ್ತೇನೆ ಅಂದಿದ್ದಾರೆ. ಡಾಕ್ಟರಿಗಿಂತ ಮೊದಲು ಬೇಲಿ ಅಂತ ಹೇಳಿದ್ದೇನೆ. ದಬ್ಬೆ ಸೀಳಿಸುತ್ತಿದ್ದಾರಂತೆ.