ಒಂದು ಪದಕ್ಕೆ ಮೂರು ವಾರ: ಕಯಾತ್ ಚಿತ್ರಕ್ಕೆ ಸಬ್‌ಟೈಟಲ್ ಬರೆದ ಅನುಭವ

ನಮ್ಮ ಚಿತ್ರಸಮಾಜದ ಪ್ರದರ್ಶನಕ್ಕಾಗಿ ಫ್ರೆಂಚ್ ನಿರ್ದೇಶಕ ಆಂದ್ರೆ ಕಯಾತ್ ಅವರ 1950ರ ‘ಜುಸ್ತಿಸ್ ಎ ಫೇತ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯಲು ಒಪ್ಪಿಕೊಂಡಾಗ, ವಕೀಲಿ ಮಾಡಿ ಸಿನಿಮಾಕ್ಕೆ ಬಂದ ಈ ನಿರ್ದೇಶಕರ ಚಿತ್ರದಲ್ಲಿ ಕಷ್ಟವೆಲ್ಲ ವಾದ–ಪ್ರತಿವಾದಗಳಲ್ಲೇ ಇರುತ್ತದೆ ಎಂದುಕೊಂಡಿದ್ದೆ. ನನ್ನನ್ನು ಮೂರು ವಾರ ಕಾಡಿದ್ದು ಮಾತ್ರ ‘ಜ್ಯೂರಿ’ ಎಂಬ ಪದ, ಅಂದರೆ ತೀರ್ಪು ಕೊಡಲು ಕೋರ್ಟಿನಲ್ಲಿ ಕೂರಿಸುವ ಜನಸಾಮಾನ್ಯರ ಗುಂಪು.

ಗುಣವಾಗದ ಕಾಯಿಲೆಯಿಂದ ನರಳುತ್ತಿದ್ದ ಪ್ರಿಯಕರನನ್ನು ಅವನ ಕೋರಿಕೆಯಂತೆ ಕೊಂದ ಎಲ್ಸಾಳ ವಿಚಾರಣೆ ಇದರ ಕಥೆ. ಆದರೆ ಕ್ಯಾಮೆರಾ ಆಕೆಗಿಂತ ಹೆಚ್ಚಾಗಿ ಏಳು ಮಂದಿ ಜ್ಯೂರರ ಬೆನ್ನು ಹತ್ತುತ್ತದೆ. ಹೆಂಡತಿಯಿಂದ ಮೋಸಹೋದ ರೈತ, ಶಿಸ್ತೇ ಸರ್ವಸ್ವವೆನ್ನುವ ಸೇನಾಧಿಕಾರಿ, ಹೀಗೆ ಒಬ್ಬೊಬ್ಬರೂ ತಮ್ಮ ಮನೆಯ ಸಂಕಟವನ್ನು ಹೊತ್ತೇ ನ್ಯಾಯಾಲಯದೊಳಗೆ ಬರುತ್ತಾರೆ. ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ‘ಜ್ಯೂರಿ ಸದಸ್ಯರು’ ಎಂಬುದು ತುಂಬ ಜಾಗ ತಿನ್ನುತ್ತಿತ್ತು. ಚಿಕ್ಕದಾಗಿರಲೆಂದು ‘ಪಂಚರು’ ಎಂದು ಬರೆದೆ. ಪೂರ್ವಪ್ರದರ್ಶನ ಮುಗಿದ ಮೇಲೆ ಹಿರಿಯ ವಕೀಲರೊಬ್ಬರು, “ಅಲ್ರೀ, ಪಂಚರು ಮಹಜರಿಗೆ ಸಹಿ ಹಾಕೋರು. ಇವರು ತೀರ್ಪನ್ನೇ ಕೊಡ್ತಾ ಇದಾರಲ್ಲ!” ಎಂದರು. 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನು ಕೈಬಿಟ್ಟ ಮೇಲೆ ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಆ ವಸ್ತುವೇ ಇಲ್ಲದಿರುವಾಗ, ಅದಕ್ಕೆ ಹಳೆಯ ಅಂಗಿ ತೊಡಿಸಲು ಹೋದದ್ದು ನನ್ನದೇ ತಪ್ಪು. ಕೊನೆಗೆ ‘ಜ್ಯೂರರು’ ಎಂದೇ ಉಳಿಸಿಕೊಂಡೆ.

ಆಗಿನ ಫ್ರೆಂಚ್ ಪದ್ಧತಿಯಲ್ಲಿ ಮೂವರು ನ್ಯಾಯಾಧೀಶರೂ ಇದೇ ಜ್ಯೂರರ ಜೊತೆ ಕುಳಿತು ಮತ ಹಾಕುತ್ತಿದ್ದರೆಂಬುದನ್ನು, ಅಮೆರಿಕದ ಕೋರ್ಟು ಚಿತ್ರಗಳಿಗೆ ಒಗ್ಗಿದ ನಮ್ಮ ಪ್ರೇಕ್ಷಕರಿಗಾಗಿ ಪರಿಚಯ ಪತ್ರದಲ್ಲಿ ವಿವರಿಸಿದೆ. ಸಾಕ್ಷ್ಯಗಳನ್ನು ಕೇಳಿದ ಮೇಲೆ ‘ಎಂತೀಮ್ ಕೋಂವಿಕ್ಸಿಯೋಂ’ (ಒಳಮನಸ್ಸಿನ ದೃಢ ನಂಬಿಕೆ) ಇದೆಯೇ ಎಂದು ಅಲ್ಲಿನ ಕಾನೂನು ಜ್ಯೂರರನ್ನು ಕೇಳುತ್ತದೆ. ‘ಆತ್ಮಸಾಕ್ಷಿ’ ಎಂದರೆ ನೀತಿಯ ಮಾತಾಗುತ್ತಿತ್ತು. ‘ನಿಮಗೆ ಮನದಟ್ಟಾಗಿದೆಯೇ?’ ಎಂದು ಬರೆದಾಗ ಸಮಾಧಾನವಾಯಿತು. ಚಿತ್ರದ ಹೆಸರನ್ನು ‘ನ್ಯಾಯ ಆಯಿತು’ ಎಂದು ಮಾಡಿದೆ. ‘ಆಯಿತು’ ಎಂಬುದರಲ್ಲಿ ಕೈತೊಳೆದುಕೊಳ್ಳುವ ಧಾಟಿಯೂ ಇದೆ.

ಮುಂದೆ ಕೈಗೆತ್ತಿಕೊಂಡದ್ದು ಮರಣದಂಡನೆಯನ್ನು ಪ್ರಶ್ನಿಸುವ, ಕಯಾತ್ ಅವರದೇ 1952ರ ಚಿತ್ರ. ‘ನಾವೆಲ್ಲರೂ ಕೊಲೆಗಾರರೇ’ ಎಂಬ ಹೆಸರು ತಾನಾಗಿ ಬಂತು. ಫ್ರಾನ್ಸ್ ಆ ಶಿಕ್ಷೆಯನ್ನು ರದ್ದುಮಾಡಿದ್ದು 1981ರಲ್ಲಿ. ಸದ್ದಾಗದಂತೆ ಬೂಟು ಕಳಚಿ ಕಾವಲುಗಾರರು ನಸುಕಿನಲ್ಲಿ ಕೈದಿಯ ಕೋಣೆಯತ್ತ ನಡೆದುಬರುವ ದೃಶ್ಯ ಅದರಲ್ಲಿದೆ. ಅಲ್ಲಿ ನನಗೆ ಬರೆಯಲು ಹೆಚ್ಚೇನೂ ಇರಲಿಲ್ಲ.