ಮೊದಲು ಆರು ಲೋಟ, ಆಮೇಲೆ ಎಂಆರ್‌ಐ

ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯವರ ಎಂಆರ್‌ಐ ಇದ್ದ ದಿನ, ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರಾದ ನನ್ನ ಕೆಲಸ ಸ್ಕ್ಯಾನ್ ರೂಮಿನ ಹೊರಗಿನ ಬೆಂಚಿನಲ್ಲೇ ಶುರುವಾಗುತ್ತದೆ. ಕೈಯಲ್ಲಿ ಒಂದು ಸ್ಟೀಲ್ ಜಗ್, ಒಂದು ಲೋಟ. ಶೇಕಡಾ 20ರ ಮ್ಯಾನಿಟಾಲ್ ಎಂಬ ಸಿಹಿ ದ್ರಾವಣ ಸುಮಾರು 225 ಮಿ.ಲೀ., ಉಳಿದದ್ದು ನೀರು, ಒಟ್ಟು ಒಂದೂವರೆ ಲೀಟರ್. ಹಾಸನದ ಡಿಸೆಂಬರ್ ಚಳಿಯಲ್ಲಿ ತಣ್ಣೀರು ಗಂಟಲಲ್ಲಿ ಇಳಿಯಲ್ಲ, ಅದಕ್ಕೇ ಉಗುರುಬೆಚ್ಚಗೆ ಮಾಡಿ ಕೊಡುತ್ತೇನೆ. ಹತ್ತು ನಿಮಿಷಕ್ಕೊಂದು ಲೋಟ, ಒಟ್ಟು ಆರು.

ಬರೀ ನೀರು ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ನೀರನ್ನು ಕರುಳು ದಾರಿಯಲ್ಲೇ ಹೀರಿಕೊಂಡುಬಿಡುತ್ತದೆ. ಮ್ಯಾನಿಟಾಲ್ ಇದ್ದರೆ ನೀರು ಒಳಗೇ ನಿಂತು ಸಣ್ಣಕರುಳಿನ ಕೊನೆಯವರೆಗೂ ಹೋಗುತ್ತದೆ. ಕ್ರೋನ್ಸ್ ಜಾಸ್ತಿ ಕಾಣಿಸಿಕೊಳ್ಳುವುದು ಅಲ್ಲೇ.

ಅರಸೀಕೆರೆ ಕಡೆಯಿಂದ ಡಿಗ್ರಿ ಓದುವ ಒಬ್ಬ ಹುಡುಗ ಬಂದಿದ್ದ. ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹತ್ತಿ ಅಮ್ಮನ ಜೊತೆ ಬಂದವನು. ಮೂರನೇ ಲೋಟಕ್ಕೇ ಮುಖ ಕಿವುಚಿದ.

"ಮೇಡಂ, ಸಿಹಿ ಜಾಸ್ತಿ. ವಾಕರಿಕೆ ಬರ್ತಿದೆ."

"ಗುಟುಕು ಗುಟುಕಾಗಿ ಕುಡಿಯಪ್ಪ, ಅವಸರ ಏನಿಲ್ಲ. ಆದ್ರೆ ಪೂರ್ತಿ ಕುಡೀಬೇಕು."

ಅವನ ಅಮ್ಮ ಬೆನ್ನು ಸವರುತ್ತಾ ಕೂತಿದ್ದರು. ಐದನೇ ಲೋಟ ಆದ ಮೇಲೆ ಸ್ವಲ್ಪ ಹೊತ್ತು ಬಲಮಗ್ಗುಲಿಗೆ ಮಲಗಿಸಿದೆ. ಹೊಟ್ಟೆಯಿಂದ ಕರುಳಿಗೆ ಬೇಗ ಇಳಿಯಲಿ ಅಂತ.

ಇಷ್ಟು ಹಟ ಯಾಕೆ ಅಂದರೆ, ಒಮ್ಮೆ ನಾನೇ ತಪ್ಪು ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಅರ್ಧ ಕುಡಿದು ಸಾಕು ಅಂದರು. ಪಾಪ ಅನ್ನಿಸಿ ಒಳಗೆ ಕಳಿಸಿದೆ. ಕರುಳಿನ ಕೊನೆ ಭಾಗ ಮುದುಡಿಕೊಂಡಿತ್ತು. ಮುದುಡಿದ ಕರುಳಿನ ಗೋಡೆ ದಪ್ಪಗೆ ಕಾಣುತ್ತದೆ, ನೀರಿನ ಕಣಗಳ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರದಲ್ಲೂ ಹೊಳೆಯುತ್ತದೆ. ನಾನು 'ಕಾಯಿಲೆ ಸಕ್ರಿಯವಾಗಿದೆ' ಅಂತ ಬರೆದೆ. ಆಮೇಲೆ ಕೊಲೊನೋಸ್ಕೋಪಿ ಮಾಡಿದ ಡಾಕ್ಟರ್ ಫೋನ್ ಮಾಡಿದರು. ಕರುಳು ಶುಭ್ರವಾಗಿತ್ತು, ಕರುಳಿನ ಉರಿಯೂತ ತಿಳಿಸುವ ಮಲದ ಕ್ಯಾಲ್ಪ್ರೊಟೆಕ್ಟಿನ್ ಕೂಡ ಕಡಿಮೆ ಇತ್ತು. ನನ್ನ ಮಾತು ನಂಬಿ ಸ್ಟೀರಾಯ್ಡ್ ಶುರು ಮಾಡಿದ್ದರೆ? ಆವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಂದಿನಿಂದ ಜಗ್ ನನ್ನ ಕೈಗೆ ಬಂತು. ಕರುಳು ಎಷ್ಟು ತುಂಬಿದೆ ಅನ್ನೋದನ್ನು ರಿಪೋರ್ಟಿನ ಮೊದಲ ಸಾಲಿನಲ್ಲೇ ಬರೆಯುತ್ತೇನೆ.

ಮಿಷನ್ ಒಳಗಿನ ಕೆಲಸ ಅರ್ಧ ಗಂಟೆಯದು. ಕರುಳಿನ ಅಲುಗಾಟ ನಿಲ್ಲಿಸಲು ಹಯೋಸಿನ್ ಬ್ಯೂಟೈಲ್ಬ್ರೋಮೈಡ್ 20 ಮಿ.ಗ್ರಾಂ. ಇಂಜೆಕ್ಷನ್. ಅದಕ್ಕೆ ಮೊದಲು ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹೃದಯದ ಬಡಿತದ ತೊಂದರೆ ಇದೆಯಾ ಅಂತ ಕೇಳಲೇಬೇಕು. ಸ್ವಲ್ಪ ಹೊತ್ತು ಕಣ್ಣು ಮಂಜಾಗಬಹುದು, ಹಾಗಾಗಿ ತಕ್ಷಣ ಬೈಕ್ ಓಡಿಸಿಕೊಂಡು ಹೋಗಬೇಡಿ ಅಂತಲೂ ಹೇಳುತ್ತೇನೆ. ಉಸಿರು ಹಿಡಿಯಲು ಮಿಷನ್ನಿನ ಇಂಗ್ಲಿಷ್ ದನಿ ಹಾಕುವುದಿಲ್ಲ. ಮೈಕಿನಲ್ಲಿ ನಾನೇ ಹೇಳುತ್ತೇನೆ: "ಉಸಿರು ಎಳ್ಕೊ, ಬಿಡು, ಹಾಗೇ ಹಿಡ್ಕೊ." ಹದಿನೈದು ಸೆಕೆಂಡ್ ಅಲುಗದಿದ್ದರೆ ಚಿತ್ರ ಕನ್ನಡಿಯಂತೆ ಬರುತ್ತದೆ.

ಹುಡುಗನ ಚಿತ್ರ ಹಾಗೇ ಬಂತು. ಕರುಳು ಚೆನ್ನಾಗಿ ತುಂಬಿತ್ತು, ಆದರೂ ಕೊನೆಯ ಭಾಗದ ಗೋಡೆ 8 ಮಿ.ಮೀ. ಇತ್ತು. ತುಂಬಿದ ಕರುಳಿನ ಗೋಡೆ 3 ಮಿ.ಮೀ. ದಾಟಬಾರದು. ಗೋಡೆಯೊಳಗೆ ಊತದ ನೀರು ಬೆಳ್ಳಗೆ ಕಾಣುತ್ತಿತ್ತು. ಒಳಮೈಯಲ್ಲಿ ಚೂರು ಕಚ್ಚಿ ತೆಗೆದ ಹಾಗೆ ಎರಡು ಹುಣ್ಣು. ಸುತ್ತಲಿನ ಕೊಬ್ಬು ಕಲಕಿತ್ತು, ರಕ್ತನಾಳಗಳು ಉಬ್ಬಿ ಬಾಚಣಿಗೆ ಹಲ್ಲುಗಳಂತೆ ಸಾಲಾಗಿ ನಿಂತಿದ್ದವು.

ಅಂಕ ಹಾಕಲು ನಾನು ಬಳಸುವುದು ಬಾರ್ಸಿಲೋನಾದ ವೈದ್ಯರು 2019ರಲ್ಲಿ ಪ್ರಕಟಿಸಿದ 'ಸರಳ ಮಾರಿಯಾ', ಅಂದರೆ ಚಿತ್ರ ನೋಡಿ ಕ್ರೋನ್ಸ್ ಎಷ್ಟು ಸಕ್ರಿಯ ಅಂತ ಅಳೆಯುವ ಲೆಕ್ಕ. ಹಳೆಯ ಮಾರಿಯಾದಲ್ಲಿ ಅಳತೆಗಳನ್ನು 1.5, 0.02 ಅಂತ ಗುಣಿಸುತ್ತಾ ಕೂರಬೇಕಿತ್ತು. ಇದರಲ್ಲಿ ಗೋಡೆ 3 ಮಿ.ಮೀ. ದಾಟಿದ್ದರೆ 1, ಊತಕ್ಕೆ 1, ಕಲಕಿದ ಕೊಬ್ಬಿಗೆ 1, ಹುಣ್ಣಿಗೆ 2. ಒಂದು ಬಂದರೂ ಕಾಯಿಲೆ ಸಕ್ರಿಯ, ಎರಡು ಅಥವಾ ಹೆಚ್ಚು ಬಂದರೆ ತೀವ್ರ. ಹುಡುಗನಿಗೆ ಬಂದದ್ದು 5.

ನಮ್ಮ ದೇಶದಲ್ಲಿ ಇಷ್ಟಕ್ಕೇ ನಿಲ್ಲಿಸುವ ಹಾಗಿಲ್ಲ. ಕರುಳಿನ ಟಿಬಿಯೂ ಇದೇ ಜಾಗದಲ್ಲಿ ಬರುತ್ತದೆ, ಇದೇ ವೇಷದಲ್ಲಿ. ಟಿಬಿ ಇದ್ದವರಿಗೆ ಕ್ರೋನ್ಸ್‌ನ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಭುಗಿಲೇಳುತ್ತದೆ. ಹಾಗಾಗಿ ನಡುಭಾಗ ಕೊಳೆತ ದುಗ್ಧಗ್ರಂಥಿ, ಕುಗ್ಗಿದ ಸೀಕಂ (ದೊಡ್ಡಕರುಳಿನ ಮೊದಲ ಭಾಗ) ಇದೆಯಾ ಅಂತ ಹುಡುಕಿದೆ. ಎರಡೂ ಇರಲಿಲ್ಲ. ನಡುನಡುವೆ ಒಳ್ಳೆ ಕರುಳು ಬಿಟ್ಟು ಬೇರೆ ಎರಡು ಕಡೆಯೂ ಕಾಯಿಲೆ ಇತ್ತು, ಅದು ಕ್ರೋನ್ಸ್ ಲಕ್ಷಣ. ಆದರೂ ಬಯಾಪ್ಸಿ ನೋಡಿಯೇ ಮುಂದುವರಿಯಿರಿ ಅಂತ ಬರೆದೆ.

ಬಯಾಪ್ಸಿ ಆದ ಮೇಲೆ ಉರಿಯೂತ ತಗ್ಗಿಸುವ ಬಯಾಲಜಿಕಲ್ ಇಂಜೆಕ್ಷನ್ ಶುರುವಾಯಿತು. ಆರು ತಿಂಗಳಿಗೆ ಅವನು ಮತ್ತೆ ಬಂದ. ಇಂಥ ಸಣ್ಣ ವಯಸ್ಸಿನವರಿಗೆ ಮತ್ತೆ ಮತ್ತೆ ಸಿಟಿ ಮಾಡಿ ವಿಕಿರಣ ಹಾಕುವುದು ನನಗೆ ಇಷ್ಟವಿಲ್ಲ, ಎಂಆರ್‌ಐಯಲ್ಲಿ ಆ ಚಿಂತೆ ಇಲ್ಲ. ಹುಡುಗನ ಮೈ ಕೈ ತುಂಬಿಕೊಂಡಿತ್ತು. ಲೋಟಗಳನ್ನು ಅವನೇ ಎಣಿಸಿಕೊಂಡು ಕುಡಿದ.

ಗೋಡೆ 4 ಮಿ.ಮೀ.ಗೆ ಇಳಿದಿತ್ತು. ಊತ ಇಲ್ಲ, ಹುಣ್ಣು ಇಲ್ಲ, ಕೊಬ್ಬು ತಿಳಿಯಾಗಿದೆ. ಅವನ ಅಮ್ಮ ಬಾಗಿಲ ಹತ್ತಿರ ನಿಂತು, "ವಾಸಿ ಆಯ್ತಾ ಮೇಡಂ?" ಅಂದರು. ತುಂಬಾ ಇಳಿದಿದೆ ಅಮ್ಮ, ಇನ್ನೂ ಸ್ವಲ್ಪ ಉಳಿದಿದೆ, ಔಷಧಿ ಬಿಡಬೇಡಿ ಅಂದೆ. ಗೋಡೆ ಇನ್ನೂ 3 ದಾಟಿದೆಯಲ್ವಾ, ಸೊನ್ನೆ ಹಾಕುವಂತಿರಲಿಲ್ಲ. ಅಂಕ 1 ಅಂತ ಬರೆದೆ. ಅದಕ್ಕೂ ಮೊದಲ ಸಾಲಿನಲ್ಲಿ ಬರೆದದ್ದು ಇದು: ಕರುಳು ಹಿಂದಿನ ಸಲದಷ್ಟೇ ತುಂಬಿದೆ, ಎರಡೂ ಚಿತ್ರಗಳನ್ನು ಹೋಲಿಸಬಹುದು.